ಐನ್‌ಸ್ಟೈನ್ ಬಂದ ಮೇಲೆ ಗುರುತ್ವದ ಬಗ್ಗೆ ನ್ಯೂಟನ್ ಹೇಳಿದ್ದು ಸುಳ್ಳಾಯಿತೇ?

ಸುಳ್ಳಾಗಲಿಲ್ಲ, ಅದಕ್ಕೊಂದು ಮಿತಿ ಇದೆ ಅಷ್ಟೆ. ಚಂದ್ರನತ್ತ ನೌಕೆ ಕಳಿಸಲು ಇವತ್ತಿಗೂ ಬಹುಪಾಲು ನ್ಯೂಟನ್ ಲೆಕ್ಕವೇ ಸಾಕು.

ತೊಡಕು ಕಂಡಿದ್ದು ಬುಧ ಗ್ರಹದಲ್ಲಿ. ಅದು ಸೂರ್ಯನಿಗೆ ತೀರಾ ಹತ್ತಿರ ಬರುವ ಜಾಗ ಪ್ರತಿ ಸುತ್ತಿಗೂ ಒಂಚೂರು ಮುಂದೆ ಸರಿಯುತ್ತದೆ. ಬೇರೆ ಗ್ರಹಗಳ ಸೆಳೆತವನ್ನೆಲ್ಲ ಕಳೆದರೂ 100 ವರ್ಷಕ್ಕೆ 43 ಆರ್ಕ್‌ಸೆಕೆಂಡ್ ಜಾಸ್ತಿ ಉಳಿಯುತ್ತಿತ್ತು. ಒಂದು ಡಿಗ್ರಿಗೆ 3,600 ಆರ್ಕ್‌ಸೆಕೆಂಡ್. ಎಷ್ಟು ಸಣ್ಣ ವ್ಯತ್ಯಾಸ ನೋಡಿ! ಇದಕ್ಕಾಗಿ ‘ವಲ್ಕನ್’ ಎಂಬ ಗ್ರಹವನ್ನೇ ಊಹಿಸಿ ಹುಡುಕಾಡಿದರು. ಇದ್ದರೆ ತಾನೇ ಸಿಗೋದು?

1915ರಲ್ಲಿ ಐನ್‌ಸ್ಟೈನ್, ಗುರುತ್ವ ಅಂದರೆ ಸೆಳೆತವಲ್ಲ, ದೇಶಕಾಲವೇ (ಜಾಗ, ಸಮಯ ಎರಡೂ ಸೇರಿದ್ದು) ಬಾಗಿರುವುದು ಎಂದರು. ಆ ಲೆಕ್ಕ ಮಾಡಿದರೆ 43 ತಾನಾಗಿಯೇ ಬಂತು. ಕಪ್ಪುಕುಳಿ, ಹಿಗ್ಗುತ್ತಿರುವ ವಿಶ್ವ, ಇವಕ್ಕಂತೂ ಐನ್‌ಸ್ಟೈನ್‌ರ ಈ ಸಿದ್ಧಾಂತ, ಅಂದರೆ ಸಾಪೇಕ್ಷತೆಯೇ ಬೇಕು.