ನರ್ಸಿಂಗ್ ಓದಿಗೆ ಸಾಲ: ಹೊಲದ ಪತ್ರ ಅಡ ಇಡಬೇಡಿ

ಅಡ್ಮಿಷನ್ ಮುಗಿಯುತ್ತಿದ್ದಂತೆ ಪ್ರತಿವರ್ಷ ಬರುವ ಪ್ರಶ್ನೆಗಳೇ ಇವು. ಆಧಾರ್ ಬೇಕೆ, ಫೋಟೊ ಎಷ್ಟು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಪ್ರಶ್ನೆ: ಮಗಳಿಗೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಸೀಟು ಸಿಕ್ಕಿದೆ. ಮೂರು ವರ್ಷಕ್ಕೆ 3.5 ಲಕ್ಷ ಸಾಲ ಕೇಳಿದರೆ ಬ್ಯಾಂಕಿನವರು ಹೊಲದ ಪತ್ರ ತನ್ನಿ ಎನ್ನುತ್ತಾರೆ. ಪಹಣಿ ಅಣ್ಣತಮ್ಮಂದಿರ ಜಂಟಿಯಲ್ಲಿದೆ. ಏನು ಮಾಡಲಿ?

ಪತ್ರ ಕೊಡಬೇಡಿ. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಎಂದೋ ಹೇಳಿದೆ. ಬ್ಯಾಂಕುಗಳ ಸಂಘ (ಐಬಿಎ) ರೂಪಿಸಿದ ಶಿಕ್ಷಣ ಸಾಲದ ಮಾದರಿ ಯೋಜನೆಯ ಪ್ರಕಾರ ಅಷ್ಟರವರೆಗೆ ನೀವು ಕೈಯಿಂದ ಹಾಕಬೇಕಾದ ಮಾರ್ಜಿನ್ ಹಣವೂ ಇಲ್ಲ. ತಂದೆಯೋ ತಾಯಿಯೋ ಸಹಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಇದು ಗೊತ್ತಿಲ್ಲದೆ ಸೀಟು ಬಿಟ್ಟ ಹುಡುಗಿಯರಿದ್ದಾರೆ ಎಂಬುದೇ ನನಗೆ ಸಿಟ್ಟು ತರಿಸುವ ಸಂಗತಿ.

ಕೌಂಟರಿನ ಮುಂದೆ ನಿಂತು ಬಾಯಲ್ಲಿ ಕೇಳಿದರೆ ಉತ್ತರವೂ ಬಾಯಲ್ಲೇ ಬರುತ್ತದೆ. ಶಿಕ್ಷಣ ಸಾಲಕ್ಕೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅದರ ಪ್ರಿಂಟನ್ನು ಶಾಖೆಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸಿಕೊಳ್ಳಿ. ಆಗುವುದಿಲ್ಲ ಎಂದರೆ ಕಾರಣ ಬರೆದುಕೊಡಿ ಎನ್ನಿ. ಬ್ಯಾಂಕಿನ ದೂರು ವಿಭಾಗಕ್ಕೆ ಬರೆದು 30 ದಿನದೊಳಗೆ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ನಿಜವಾಗಿ ಅರ್ಜಿ ಬಿದ್ದುಹೋಗುವುದು ಬೇರೆ ಕಡೆ. ಕಾಲೇಜಿನವರು 'ಒಟ್ಟು 3.5 ಲಕ್ಷ' ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟಿರುತ್ತಾರೆ. ಆ ಪತ್ರ ನಡೆಯುವುದಿಲ್ಲ. ಬೋಧನಾ ಶುಲ್ಕ, ಹಾಸ್ಟೆಲ್, ಪರೀಕ್ಷಾ ಶುಲ್ಕ, ಪುಸ್ತಕ, ಯೂನಿಫಾರ್ಮ್ ಎಂದು ವರ್ಷವಾರು ಬಿಡಿಸಿ, ಲೆಟರ್‌ಹೆಡ್‌ನಲ್ಲಿ ಪ್ರಾಂಶುಪಾಲರ ಸಹಿಯೊಂದಿಗೆ ಬರೆಸಿಕೊಳ್ಳಿ. ಡೊನೇಷನ್ ಸಾಲದ ಲೆಕ್ಕಕ್ಕೆ ಬರುವುದಿಲ್ಲ. ಮ್ಯಾನೇಜ್‌ಮೆಂಟ್ ಸೀಟಾದರೆ ಸರ್ಕಾರ ಒಪ್ಪಿದ ಶುಲ್ಕದಷ್ಟೇ ಸಿಗುತ್ತದೆ. ನರ್ಸಿಂಗ್ ಕೌನ್ಸಿಲ್ ಮಾನ್ಯತೆಯ ಪ್ರತಿಯನ್ನೂ ಜೊತೆಗಿಡಿ. ಇನ್ನೊಂದು, ತಂದೆಯ ಬೆಳೆಸಾಲ ಸುಸ್ತಿಯಾಗಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲು ಅದನ್ನು ನವೀಕರಿಸಿಕೊಂಡು ಹೋಗಿ.

ಹಣ ವರ್ಷಕ್ಕೊಮ್ಮೆ ನೇರ ಕಾಲೇಜಿಗೆ ಹೋಗುತ್ತದೆ. ಎರಡನೇ ವರ್ಷದ ಕಂತಿಗೆ ಮೊದಲ ವರ್ಷದ ಅಂಕಪಟ್ಟಿ ಕೇಳುತ್ತಾರೆ. ಫಲಿತಾಂಶ ಬಂದ ಕೂಡಲೇ ಕೊಡಿ. ಓದುವಷ್ಟು ಕಾಲ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಶೇ 10ರ ದರದಲ್ಲಿ 1 ಲಕ್ಷಕ್ಕೆ ತಿಂಗಳಿಗೆ ಸುಮಾರು 833 ರೂಪಾಯಿ. ಸಾಧ್ಯವಾದರೆ ಅದನ್ನು ಆಗಾಗಲೇ ಕಟ್ಟಿಬಿಡಿ. ಹಾಗೆ ಕಟ್ಟುವವರಿಗೆ ಶೇ 1ರ ರಿಯಾಯಿತಿಗೆ ಮಾದರಿ ಯೋಜನೆಯಲ್ಲೇ ಅವಕಾಶವಿದೆ, ಕೇಳಿ ಪಡೆಯಿರಿ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನದ ಬಗ್ಗೆ ಸಾಲ ಮಂಜೂರಾಗುವ ದಿನವೇ ಆದಾಯ ಪ್ರಮಾಣಪತ್ರ ಹಿಡಿದು ವಿಚಾರಿಸಿ. ಓದು ನಡುವೆ ಬಿಟ್ಟರೆ ಅದು ಸಿಗುವುದಿಲ್ಲ.

ಪ್ರಶ್ನೆ: ಎಸ್‌ಎಸ್‌ಪಿಯಲ್ಲಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನ ಮಂಜೂರು ಎಂದಿದೆ, ಖಾತೆಗೆ ಹಣ ಬಂದಿಲ್ಲ.

ನೀವು ನೋಡುತ್ತಿರುವ ಖಾತೆಯೇ ಬೇರೆ ಇರಬಹುದು. ಹಣ ಹೋಗುವುದು ಆಧಾರ್‌ಗೆ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್ ಆಗಿರುವ, ಅಂದರೆ ಆಧಾರ್ ಸಂಖ್ಯೆಗೆ ಜೋಡಿಸಿರುವ ಖಾತೆಗೆ. ಕೆವೈಸಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಮ್ಯಾಪಿಂಗ್ ಆಗುವುದಿಲ್ಲ. ಆಧಾರ್ ವೆಬ್‌ಸೈಟ್‌ನಲ್ಲಿ ಬ್ಯಾಂಕ್ ಸೀಡಿಂಗ್ (ಜೋಡಣೆ) ಸ್ಥಿತಿ ನೋಡಿ, ಅಲ್ಲಿ ಯಾವ ಬ್ಯಾಂಕಿನ ಹೆಸರಿದೆಯೋ ಆ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಖಾತೆ ನಿಷ್ಕ್ರಿಯವಾಗಿದ್ದರೆ ಹಣ ತಿರುಗಿ ಹೋಗಿರಬಹುದು. ಖಾತೆಗೆ ಜೀವ ಕೊಡಿಸಿ, ವಿದ್ಯಾರ್ಥಿವೇತನ ಕೊಡುವ ಇಲಾಖೆಯ ತಾಲ್ಲೂಕು ಕಚೇರಿಗೆ ಲಿಖಿತ ಅರ್ಜಿ ಕೊಡಿ.

ಪ್ರಶ್ನೆ: ಆರು ತಿಂಗಳ 'ನರ್ಸಿಂಗ್' ಕೋರ್ಸ್, ಕೆಲಸ ಗ್ಯಾರಂಟಿ ಎನ್ನುತ್ತಾರೆ. ಸಾಲ ಮಾಡಿ ಸೇರಲೇ?

ಬೇಡ. ಆರು ತಿಂಗಳ ಪ್ರಮಾಣಪತ್ರಕ್ಕೆ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಿಗುವುದಿಲ್ಲ, ನೋಂದಣಿ ಇಲ್ಲದವರು ನರ್ಸ್ ಅಲ್ಲ. ಸಹಾಯಕರ ಕೆಲಸವೇ ಸಾಕು ಎಂದಾದರೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿಗೆ (ಎನ್‌ಎಸ್‌ಕ್ಯುಎಫ್) ಹೊಂದಿದ ಕೋರ್ಸ್ ಹುಡುಕಿ, ಅದಕ್ಕೆ ಕೌಶಲ ಸಾಲ ಕೇಳಿ.

ಪ್ರಶ್ನೆ: ಸ್ಕಾಲರ್‌ಶಿಪ್ ಮಾಡಿಸಿಕೊಡಲು ಏಜೆಂಟ್ ದುಡ್ಡು ಕೇಳುತ್ತಿದ್ದಾನೆ.

ಕೊಡಬೇಡಿ, ಒಟಿಪಿಯನ್ನಂತೂ ಹೇಳಲೇಬೇಡಿ. ಈಗಾಗಲೇ ಹೇಳಿದ್ದರೆ ಇವತ್ತೇ ಎಸ್‌ಎಸ್‌ಪಿ ಪಾಸ್‌ವರ್ಡ್ ಬದಲಿಸಿ.