ಇಂಕ್‌ಸ್ಕೇಪ್ 0.91ರಿಂದ 1.4ಕ್ಕೆ: ಹಳೇ ಕಟಿಂಗ್ ಫೈಲ್ ಇದ್ದವರು ಮೊದಲು ಅಳತೆ ನೋಡಿ

ನಮಸ್ಕಾರ. ವರ್ಷಗಟ್ಟಲೆ ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನ 0.91 ಆವೃತ್ತಿಯಲ್ಲೇ ಲೇಸರ್ ಕಟಿಂಗ್ ಡಿಸೈನ್ ಮಾಡ್ಕೊಂಡು ಬಂದಿದ್ದೀರಿ, ಈಗ 1.4 ಹಾಕಿಕೊಂಡರೆ ಹಳೇ ಫೈಲ್‌ಗಳ ಗತಿ ಏನು ಅಂತ ಕೇಳಿದ್ದೀರಿ. ಉಚಿತ ತಾನೇ, ಹಾಕ್ಕೊಳ್ಳಿ ಅಂತ ಮೇಲೆ ಒಂದಿಬ್ಬರು ಹೇಳಿದ್ದಾರೆ. ದುಡ್ಡಿನ ಚಿಂತೆ ಇಲ್ಲ, ನಿಜ. ಆದರೆ ಕತ್ತರಿಸೋ ಕೆಲಸದವರಿಗೆ ಮುಖ್ಯವಾಗೋದು ಅಳತೆ. ನನ್ನ ಕೇಳಿದರೆ, 1.4 ಹಾಕಿ, 0.91 ಅನ್ನು ಮಾತ್ರ ಈಗಲೇ ತೆಗೀಬೇಡಿ. ಅರ್ಧ ಆದ ಕೆಲಸ ಕೈಯಲ್ಲಿದ್ದರೆ ಅದನ್ನು ಹಳೆಯದರಲ್ಲೇ ಮುಗಿಸಿ.

ಕಾರಣ ಇಷ್ಟು. 0.91ರ ತನಕ ಒಂದು ಇಂಚಿಗೆ 90 ಪಿಕ್ಸೆಲ್ ಲೆಕ್ಕ ಇತ್ತು. 2017ರಲ್ಲಿ ಬಂದ 0.92ರಿಂದ ಅದು 96 ಆಯ್ತು, ವೆಬ್‌ಪುಟಗಳ ರೂಪ ಹೇಳೋ ಸಿಎಸ್‌ಎಸ್‌ನಲ್ಲಿರೋದೂ ಅದೇ ಲೆಕ್ಕ. ಬದಲಾವಣೆ ಸರಿಯಾದದ್ದೇ. ಆದರೆ ಪಿಕ್ಸೆಲ್‌ನಲ್ಲಿ ಸೇವ್ ಆಗಿರೋ ಹಳೇ ಫೈಲನ್ನು ಹೊಸ ಲೆಕ್ಕದಲ್ಲಿ ಹಾಗೇ ತೆರೆದರೆ 100 ಮಿ.ಮೀ. ಇದ್ದದ್ದು 93.75ಕ್ಕೆ ಇಳಿಯುತ್ತೆ. ಪರದೆ ಮೇಲೆ ಗೊತ್ತೇ ಆಗಲ್ಲ. 3 ಮಿ.ಮೀ. ಪ್ಲೈವುಡ್‌ಗೆ ಅಂತ ಬಿಟ್ಟ ಸ್ಲಾಟ್ 2.81 ಆಗಿರುತ್ತೆ, ಕತ್ತರಿಸಿ ಜೋಡಿಸೋಕೆ ಹೋದರೆ ಹಲಗೆ ಒಳಗೇ ಇಳಿಯಲ್ಲ.

ಇದಕ್ಕೇ ಅಂತ ಹಳೇ ಫೈಲ್ ತೆರೆದಾಗ ಹೊಸ ಇಂಕ್‌ಸ್ಕೇಪ್ ಒಂದು ಪ್ರಶ್ನೆ ಕೇಳುತ್ತೆ: ಇದು ಪರದೆಗೆ ಮಾಡಿದ್ದೋ, ಪ್ರಿಂಟ್ ಥರದ ಭೌತಿಕ ಕೆಲಸಕ್ಕೆ ಮಾಡಿದ್ದೋ ಅಂತ. ಅವಸರದಲ್ಲಿ ಓಕೆ ಒತ್ತಬೇಡಿ. ಎರಡನೆಯದನ್ನು ಆರಿಸಿ. ಅದರಲ್ಲೂ ಎರಡು ದಾರಿ ಇದೆ, ಕ್ಲಿಪ್, ಮಾಸ್ಕ್, ಫಿಲ್ಟರ್ ಥರದ ಪರಿಣಾಮಗಳ ನೋಟ ಉಳಿಸೋದು ಒಂದು, ಅಳತೆ ಮತ್ತು ಸ್ಥಾನ ನಿಖರವಾಗಿ ಉಳಿಸೋದು ಇನ್ನೊಂದು. ನಿಮಗೆ ಬೇಕಾದ್ದು ಅಳತೆಯದು. ಬ್ಯಾಕಪ್ ಮಾಡೋ ಟಿಕ್ ಇರಲಿ.

ಆಮೇಲೂ ನಂಬಿ ಕೂರಬೇಡಿ. ಒಂದು ಸ್ಲಾಟ್ ಆರಿಸಿ ಅಗಲ ಓದಿ. ಮೇಲಿನ ಪಟ್ಟಿಯಲ್ಲಿ ಕಾಣೋ ಅಗಲದಲ್ಲಿ ಸಾಮಾನ್ಯವಾಗಿ ಸ್ಟ್ರೋಕ್‌ನ, ಅಂದರೆ ಅಂಚಿನ ಗೆರೆಯ ದಪ್ಪವೂ ಸೇರಿರುತ್ತೆ, ಪ್ರಿಫರೆನ್ಸಸ್‌ನ ಟೂಲ್ಸ್‌ನಲ್ಲಿ ಬೌಂಡಿಂಗ್ ಬಾಕ್ಸನ್ನು (ಆಕಾರದ ಸುತ್ತಳತೆ ತೋರಿಸೋ ಚೌಕಟ್ಟು) ಗೆರೆಯ ದಪ್ಪ ಬಿಟ್ಟು ಅಳೆಯೋ ಜಿಯೋಮೆಟ್ರಿಕ್‌ಗೆ ಬದಲಿಸಿಯೇ ಓದಿ. ನಂತರ ಒಂದೇ ಒಂದು ಜೋಡಣೆಯನ್ನು ರಟ್ಟಿನಲ್ಲಿ ಕತ್ತರಿಸಿ ಸ್ಕೇಲ್ ಇಟ್ಟು ಅಳೆಯಿರಿ.

ಉಳಿದವು ಸಣ್ಣವು. 1.0ರಿಂದ ವೈ ಅಕ್ಷ ಮೇಲಿಂದ ಕೆಳಕ್ಕೆ ಎಣಿಸುತ್ತೆ, ಹಿಂದಿನಂತೆ ಬೇಕಿದ್ದರೆ ಪ್ರಿಫರೆನ್ಸಸ್‌ನ ಇಂಟರ್‌ಫೇಸ್‌ನಲ್ಲಿ ತಿರುಗಿಸಬಹುದು. ಹಳೇ ಫೈಲ್‌ನ ಅಕ್ಷರಗಳಲ್ಲಿ ಸಾಲುಗಳ ಅಂತರ ಬದಲಾಗೋ ಸಂಭವ ಇದೆ, ಹಾಗಾಗಿ ಕೆತ್ತನೆಗೆ ಇಟ್ಟ ಅಕ್ಷರಗಳನ್ನು 0.91ರಲ್ಲೇ ಪಾತ್ (ಬರೀ ಗೆರೆಗಳ ಆಕಾರ) ಮಾಡಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ನಿಮ್ಮನ್ನು ನಿಜವಾಗಿ ತಡೆಯಬಹುದಾದದ್ದು ಎಕ್ಸ್‌ಟೆನ್ಷನ್, ಅಂದರೆ ಇಂಕ್‌ಸ್ಕೇಪ್‌ಗೆ ಸೇರಿಸಿಕೊಳ್ಳೋ ಸಣ್ಣ ಪ್ರೋಗ್ರಾಂ. 1.0ರಲ್ಲಿ ಎಕ್ಸ್‌ಟೆನ್ಷನ್‌ಗಳು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ 3ನೇ ಆವೃತ್ತಿಗೆ ಹೋದವು, ಹೊರಗಿನಿಂದ ಹಾಕಿದ ಹಳೆಯವು ಎಷ್ಟೋ ಅಲ್ಲಿಗೇ ನಿಂತವು. ಮೆಷಿನ್‌ಗೆ ಕೋಡ್ ಕಳಿಸೋದು ಅಂಥದ್ದರಿಂದಲೇ ಆಗಿದ್ದರೆ, ಅದರ ಹೊಸ ಆವೃತ್ತಿ ಸಿಗೋ ತನಕ ಕಾಯೋದೇ ಸರಿ.

ಸಿಗೋ ಲಾಭವೂ ಕಮ್ಮಿ ಏನಲ್ಲ. 1.2ರಿಂದ ಒಂದೇ ಫೈಲ್‌ನಲ್ಲಿ ಹಲವು ಪುಟ ಇಡಬಹುದು, ಒಂದು ಪೆಟ್ಟಿಗೆಯ ಎಲ್ಲಾ ಹಲಗೆಗಳೂ ಒಂದೇ ಕಡೆ ಇರುತ್ತವೆ. 1.3ರ ಶೇಪ್ ಬಿಲ್ಡರ್‌ನಲ್ಲಿ ಒಂದರ ಮೇಲೊಂದು ಬಿದ್ದ ಆಕಾರಗಳನ್ನು ಎಳೆದು ಕೂಡಿಸೋದು, ಕಳೆಯೋದು ತುಂಬಾ ಸಲೀಸು. ಜಾಲರಿ ಡಿಸೈನ್ ಮಾಡೋರಿಗೆ ಅದೊಂದಕ್ಕೇ ಬದಲಾಯಿಸಬಹುದು ಅಂತೀನಿ.

ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳೋದು ಸುಲಭ. ವಿಂಡೋಸ್‌ಗೆ ಇನ್‌ಸ್ಟಾಲ್ ಬೇಡದ ಕಂಪ್ರೆಸ್ ಮಾಡಿದ ಫೈಲ್ ಸಿಗುತ್ತೆ, ಬೇರೆ ಫೋಲ್ಡರ್‌ನಲ್ಲಿ ಬಿಚ್ಚಿ ನಡೆಸಿ. ಲಿನಕ್ಸ್‌ಗೆ ಇನ್‌ಸ್ಟಾಲ್ ಮಾಡದೇ ನೇರವಾಗಿ ನಡೆಯೋ ಆಪ್‌ಇಮೇಜ್ ಫೈಲ್ ಇದೆ. ಸೆಟ್ಟಿಂಗ್‌ಗಳ ಫೋಲ್ಡರನ್ನು ಮಾತ್ರ ಮೊದಲೇ ಕಾಪಿ ಮಾಡಿಡಿ, ಎರಡೂ ಒಂದನ್ನೇ ಬಳಸಿಕೊಂಡು ಗೊಂದಲ ಆಗಬಹುದು.

ಮೆಷಿನ್‌ಗೆ ಯಾವ ಎಕ್ಸ್‌ಟೆನ್ಷನ್ ಬಳಸ್ತಿದ್ದೀರಿ ಅಂತ ಇಲ್ಲೇ ಹಾಕಿ, ಹೊಸದರಲ್ಲಿ ನಡೆಯುತ್ತಾ ಅಂತ ನೋಡಿ ಹೇಳ್ತೀನಿ.