ಮಕ್ಕಳಿಗೆ ಡಕೋಟಾ ಗಾಡಿ, ಅಪ್ಪನಿಗೆ ಹೊಸದು: ಇದ್ಯಾವ ಲೆಕ್ಕ?

ಪಿಯುಸಿ ಮುಗಿದು ಕಾಲೇಜು ಸೀಟು ಸಿಗುವ ಹೊತ್ತಿಗೆ ಮಕ್ಕಳಿಗೆ ಯಾವ ಕಾರು ಕೊಡಿಸಲಿ ಅಂತ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ಸೆಕೆಂಡ್ಸ್ ಕಾರು ಕೊಳ್ಳುವ ಮೊದಲು ಪರೀಕ್ಷೆ ಮಾಡಿಕೊಡುವುದು ನನ್ನ ಕೆಲಸ. ಬನ್ನಿಮಂಟಪದ ನಮ್ಮ ಗ್ಯಾರೇಜಿಗೂ ಇದನ್ನೇ ಕೇಳಿಕೊಂಡು ಬರುತ್ತಾರೆ, ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಈ ಸಲ ಒಂದಕ್ಕೇ ಉದ್ದದ ಉತ್ತರ.

ಮಗಳಿಗೆ 18 ತುಂಬಿ ಡಿಎಲ್ ಬಂದಿದೆ. ಮಂಡ್ಯದಿಂದ ಮೈಸೂರಿನ ಕಾಲೇಜಿಗೆ ಓಡಾಡಬೇಕು. ಮನೆಯಲ್ಲಿರುವ ನೆಕ್ಸಾನ್ ನನಗೆ ಬೇಕು. ಅವಳಿಗೆ ಒಂದೂವರೆ ಲಕ್ಷಕ್ಕೆ ಹಳೇ ಆಲ್ಟೊ 800 ನೋಡಿದ್ದೇನೆ, ಏರ್‌ಬ್ಯಾಗ್ ಇಲ್ಲ. ಗುದ್ದಿಕೊಂಡರೂ ಚಿಂತೆಯಿಲ್ಲ, ಕೈ ಕುದುರಿದ ಮೇಲೆ ಒಳ್ಳೇದು ತೆಗೆದುಕೊಂಡರಾಯಿತು ಅಲ್ವಾ? (ಮಂಡ್ಯದ ಓದುಗರು)

ಅಲ್ಲ ಸ್ವಾಮಿ. ಗುದ್ದಿಕೊಂಡರೆ ಗಾಡಿ ಹೋದರೆ ಹೋಗಲಿ, ಒಳಗೆ ಕೂತವಳ ಗತಿ ಏನು? ಮನೆಯಲ್ಲಿ ಗುದ್ದಿಕೊಳ್ಳುವ ಸಾಧ್ಯತೆ ಯಾರಿಗೆ ಜಾಸ್ತಿಯೋ ಅವರಿಗೇ ಗಟ್ಟಿ ಗಾಡಿ ಕೊಡಬೇಕು. ನೀವು ಉಲ್ಟಾ ಮಾಡುತ್ತಿದ್ದೀರಿ. ಏರ್‌ಬ್ಯಾಗ್ ಇಲ್ಲದ ಆಲ್ಟೊ 800 ಅನ್ನು ಗ್ಲೋಬಲ್ ಎನ್‌ಕ್ಯಾಪ್‌ನವರು (ಕಾರು ಗುದ್ದಿಸಿ ನೋಡಿ ಸುರಕ್ಷತೆಗೆ ಐದರವರೆಗೆ ಸ್ಟಾರ್ ಕೊಡುವ ಸಂಸ್ಥೆ) 2014ರಲ್ಲಿ ಗುದ್ದಿಸಿ ನೋಡಿದಾಗ ಬಂದಿದ್ದು ಸೊನ್ನೆ ಸ್ಟಾರ್. ನೆಕ್ಸಾನ್‌ಗೆ 2018ರಲ್ಲೇ ಐದು ಸ್ಟಾರ್ ಬಂತು. ನೆಕ್ಸಾನ್ ಕೀ ಮಗಳ ಕೈಗೆ ಕೊಡಿ, ಚಿಕ್ಕ ಗಾಡಿ ನೀವಿಟ್ಟುಕೊಳ್ಳಿ.

ಅದು ಆಗಲ್ಲ ಅನ್ನುವುದಾದರೆ ಬಜೆಟ್ ನಾಲ್ಕು ಲಕ್ಷದ ಆಸುಪಾಸಿಗೆ ಏರಿಸಿ. ಮುಂದೆ ಎರಡು ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ), ಕ್ರ್ಯಾಶ್ ಟೆಸ್ಟಿನಲ್ಲಿ ನಾಲ್ಕು ಸ್ಟಾರ್. ಇದಕ್ಕಿಂತ ಕೆಳಗೆ ಇಳಿಯಬೇಡಿ. 2020ರ ನಂತರದ ಟಿಯಾಗೊ ಸಿಕ್ಕರೆ ಅದೇ ನನ್ನ ಮೊದಲ ಆಯ್ಕೆ. ನಮ್ಮ ಬಿಡದಿಯಲ್ಲೇ ತಯಾರಾಗುತ್ತಿದ್ದ ಎಟಿಯೋಸ್ ಎರಡು ಏರ್‌ಬ್ಯಾಗ್ ಇದ್ದದ್ದು ಸಿಕ್ಕರೂ ಕಣ್ಣುಮುಚ್ಚಿಕೊಂಡು ನೋಡಬಹುದು. ಪೋಲೊ ಗಟ್ಟಿ, ಆದರೆ ಸ್ಪೇರ್ ಪಾರ್ಟ್ಸ್ ಜೇಬಿಗೆ ಭಾರ.

ಏರ್‌ಬ್ಯಾಗ್‌ನಿಂದ ಎಷ್ಟು ವ್ಯತ್ಯಾಸ ಅಂತ ಕೇಳುವವರು ಪೋಲೊ ಕಥೆಯನ್ನೇ ನೋಡಿ. 2014ರಲ್ಲಿ ಏರ್‌ಬ್ಯಾಗ್ ಇಲ್ಲದ್ದಕ್ಕೆ ಸೊನ್ನೆ, ಎರಡು ಹಾಕಿದ್ದಕ್ಕೆ ನಾಲ್ಕು ಸ್ಟಾರ್. ಹಾಗಂತ ಬ್ಯಾಗ್ ಒಂದಿದ್ದರೆ ಸಾಲದು. 2016ರಲ್ಲಿ ಕ್ವಿಡ್‌ಗೆ ಏರ್‌ಬ್ಯಾಗ್ ಇದ್ದರೂ ಸೊನ್ನೆಯೇ ಬಂತು, ಕಾರಣ ಬಾಡಿ ತಡೆಯಲಿಲ್ಲ. ಇನ್ನು ಡೋರ್ ಮೇಲೆ ಬೆರಳಲ್ಲಿ ಕುಟ್ಟಿ "ಶೀಟ್ ದಪ್ಪ ಇದೆ ಸಾರ್, ಟ್ಯಾಂಕರ್ ಥರ" ಅನ್ನುವ ಬ್ರೋಕರ್ ಮಾತು ನಂಬಬೇಡಿ. ಜೀವ ಉಳಿಸುವುದು ಹೊರಗಿನ ತಗಡಲ್ಲ, ಒಳಗಿನ ಪಿಲ್ಲರ್ (ಬಾಗಿಲ ಪಕ್ಕ ಚಾವಣಿ ಹೊತ್ತ ಕಂಬ) ಮತ್ತು ಚೌಕಟ್ಟು.

ಆ ಪಿಲ್ಲರ್ ನೀವೇ ನೋಡಬಹುದು. ಬಾಗಿಲು ತೆಗೆದು ಅಂಚಿನ ರಬ್ಬರ್ ಬೀಡಿಂಗ್ ಕೈಯಲ್ಲೇ ಎಳೆಯಿರಿ, ಬಿಚ್ಚಿಕೊಳ್ಳುತ್ತದೆ. ಕೆಳಗೆ ಸಾಲಾಗಿ ಒಂದೇ ಅಳತೆಯ ಗುಂಡು ಗುಂಡು ವೆಲ್ಡಿಂಗ್ ಗುರುತು ಕಂಡರೆ ಅದು ಕಂಪನಿಯದ್ದು. ಗುರುತು ಕಾಣದೆ ಪೇಸ್ಟ್ ಮೆತ್ತಿದ್ದರೆ, ಉಬ್ಬುತಗ್ಗು ವೆಲ್ಡಿಂಗ್ ಇದ್ದರೆ, ಗಾಡಿ ದೊಡ್ಡದಾಗಿ ಗುದ್ದಿ ಟಿಂಕರಿಂಗ್ ಆಗಿದೆ ಅಂತಲೇ ಅರ್ಥ. ಬಾನೆಟ್ ಒಳಗಿನ ಏಪ್ರನ್ (ಎಂಜಿನ್ನಿನ ಎರಡೂ ಪಕ್ಕದ ತಗಡು) ಕೂಡ ಹೀಗೇ ನೋಡಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಬಟನ್ (ರಸ್ತೆ ಹಿಡಿಯುವ ಗೀರು) ಎಷ್ಟೇ ಉಳಿದಿರಲಿ, ಅಷ್ಟು ಹಳೇ ಟೈರ್ ಹೊಸ ಡ್ರೈವರ್‌ಗೆ ಬೇಡ.

ಎಬಿಎಸ್ ಯಾಕೆ ಅಂದರೆ, ಹೊಸಬರು ಗಾಬರಿಯಾದಾಗ ಮಾಡುವುದು ಒಂದೇ ಕೆಲಸ: ಬ್ರೇಕ್ ಮೇಲೆ ನಿಂತುಬಿಡುವುದು. ಎಬಿಎಸ್ ಇಲ್ಲದಿದ್ದರೆ ಚಕ್ರ ಲಾಕ್ ಆಗಿ, ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಜಾರಿಕೊಂಡು ಹೋಗುತ್ತದೆ. ನಮ್ಮ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಕತ್ತಲಲ್ಲಿ ಎದುರಾಗುತ್ತದಲ್ಲ, ಅಲ್ಲಿ ಪಕ್ಕಕ್ಕೆ ತಪ್ಪಿಸಿಕೊಳ್ಳಲು ಸ್ಟೀರಿಂಗ್ ಕೈಲಿರಬೇಕು. ಮಂಡ್ಯ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ರಸ್ತೆ ಮೇಲೂ ಅಷ್ಟೇ. ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಕಾಲಿನಡಿ ಗಡಗಡ ನಡುಗುತ್ತದೆ, ಅದನ್ನು ಮಗಳಿಗೆ ಖಾಲಿ ಜಾಗದಲ್ಲಿ ಒಮ್ಮೆ ಮಾಡಿಸಿ ತೋರಿಸಿ. ಇಲ್ಲದಿದ್ದರೆ ಏನೋ ಮುರಿಯಿತು ಅಂತ ಹೆದರಿ ಕಾಲು ತೆಗೆದುಬಿಡುತ್ತಾಳೆ.

ಕೊನೇ ಮಾತು, ನಿಮಗೆ ಇಷ್ಟವಾಗಲ್ಲ. ಮೊದಲ ಆರು ತಿಂಗಳು ಬೆಂಗಳೂರು-ಮೈಸೂರು ಹೆದ್ದಾರಿ ಅವಳಿಗೆ ಬೇಡ. ಈ ಸ್ಟಾರುಗಳೆಲ್ಲ ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ಕೊಟ್ಟವು. 100ರಲ್ಲಿ ಗುದ್ದಿದರೆ ಪೆಟ್ಟಿನ ಶಕ್ತಿ ಸುಮಾರು ಎರಡೂವರೆ ಪಟ್ಟು. ಮಂಡ್ಯದಿಂದ ಮೈಸೂರಿಗೆ ರೈಲಿದೆ, ಬಸ್ಸಿದೆ, ಹೋಗಲಿ. ಭಾನುವಾರ ಬೆಳಿಗ್ಗೆ ನೀವು ಪಕ್ಕದಲ್ಲಿ ಕೂತು ಊರೊಳಗೆ ಓಡಿಸಲಿ, ಆಮೇಲೆ ಮಳೆಯಲ್ಲಿ, ಆಮೇಲೆ ರಾತ್ರಿ. ನಾನು ಅತಿ ಮಾಡುತ್ತೇನೆ ಅಂತ ಎಷ್ಟೋ ಅಪ್ಪಂದಿರು ಹೇಳಿದ್ದಾರೆ. ಹೇಳಲಿ. ಗುದ್ದಿದ ಗಾಡಿಗಳನ್ನು ಟೋಯಿಂಗ್ ಮಾಡಿ ತರುವುದು ನಮ್ಮಂಥವರ ಗ್ಯಾರೇಜಿಗೇ.

ಮಗನಿಗೆ 17, ಕುವೆಂಪುನಗರದೊಳಗೆ ಮಾತ್ರ ಓಡಿಸಿದರೆ?

ಬೇಡ. 2019ರ ತಿದ್ದುಪಡಿ ಪ್ರಕಾರ ನಿಮಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಅವನಿಗೆ 25 ವರ್ಷ ಆಗುವವರೆಗೆ ಡಿಎಲ್ ಇಲ್ಲ.

ಮುಂದೆ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕಿಸಿದರೆ ಸೇಫ್ ಅಲ್ವಾ?

ಅಲ್ಲ. ಏರ್‌ಬ್ಯಾಗ್ ತೆರೆಯುವ ಹೊತ್ತೇ ತಪ್ಪಬಹುದು, ಪಾದಚಾರಿಗೂ ಅಪಾಯ, ಕಾನೂನಿಗೂ ವಿರುದ್ಧ.

ಮಗಳ ನಕ್ಷತ್ರಕ್ಕೆ ಯಾವ ಬಣ್ಣದ ಕಾರು?

ಬಿಳಿ. ಮುಸ್ಸಂಜೆಯಲ್ಲಿ ಎದುರಿನವನಿಗೆ ಕಾಣುತ್ತದೆ.

ಮಗನಿಗೆ ಕೊಂಡ ಸೆಕೆಂಡ್ಸ್ ಕಾರಿನಲ್ಲಿ ಏರ್‌ಬ್ಯಾಗ್ ದೀಪ ಆರುತ್ತಿಲ್ಲ. ಬಲ್ಬ್ ತೆಗೆದರೆ ಸರಿಹೋಗುತ್ತದೆ ಅಂದ ಮೆಕ್ಯಾನಿಕ್.

ಅವನ ಹತ್ತಿರ ಇನ್ನು ಯಾವ ಕೆಲಸಕ್ಕೂ ಹೋಗಬೇಡಿ. ಆ ದೀಪ ಕೀ ತಿರುಗಿಸಿದಾಗ ಹತ್ತಬೇಕು, ಕೆಲವೇ ಸೆಕೆಂಡಲ್ಲಿ ತಾನಾಗಿ ಆರಬೇಕು. ಆರದಿದ್ದರೆ ಗುದ್ದಿದಾಗ ಬ್ಯಾಗ್ ತೆರೆಯದೇ ಹೋಗಬಹುದು. ಕೀ ತಿರುಗಿಸಿದಾಗ ಹತ್ತುವುದೇ ಇಲ್ಲ ಅಂದರೆ ಯಾರೋ ಮೊದಲೇ ಕೈ ಹಾಕಿದ್ದಾರೆ, ಅಂಥ ಗಾಡಿ ಕೊಳ್ಳಲೇಬೇಡಿ. ನಿಮ್ಮದಕ್ಕೆ ಸ್ಕ್ಯಾನರ್ ಹಾಕಿಸಿ ಕೋಡ್ ಓದಿಸಿ. ಎಷ್ಟೋ ಸಲ ಸೀಟಿನ ಕೆಳಗಿನ ಕನೆಕ್ಟರ್ ಸಡಿಲ ಆಗಿರುತ್ತದೆ, ಇಲ್ಲವೇ ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ (ಏರ್‌ಬ್ಯಾಗ್‌ಗೆ ಕರೆಂಟ್ ಒಯ್ಯುವ ಸುರುಳಿ ತಂತಿ) ಹೋಗಿರುತ್ತದೆ. ಅದು ಸರಿಯಾಗುವವರೆಗೆ ಮಗನಿಗೆ ಕೀ ಕೊಡಬೇಡಿ.